ಬಿಡುವಿನ ವೇಳೆಯ ಸುರಕ್ಷೆಗೊಂದು ಭಿತ್ತಿಪತ್ರ

ನಾನು ವೈದ್ಯನಲ್ಲ, ವಾಣಿಜ್ಯಶಾಸ್ತ್ರದ ಪದವಿ ಪಡೆದು ಬ್ಯಾಂಕಿನಲ್ಲಿ ಅಧಿಕಾರಿಯಾಗಿ ದುಡಿಯುತ್ತಿರುವವನು. ಆದರೂ ಆರೋಗ್ಯಕ್ಕೆ ಮೀಸಲಾದ ಈ ಪುಟಗಳಲ್ಲಿ ನಾಲ್ಕು ಮಾತು ಬರೆಯುವ ಧೈರ್ಯ ಮಾಡಿದ್ದೇನೆ. ಆರನೆಯ ತರಗತಿಯಲ್ಲಿರುವ ನನ್ನ ಮಗಳಿಗೆ ‘ಬಿಡುವಿನ ವೇಳೆಯಲ್ಲಿ ಸುರಕ್ಷಿತವಾಗಿರುವುದು ಹೇಗೆ?’ ಎಂಬ ವಿಷಯದ ಮೇಲೆ ಪೋಸ್ಟರೊಂದನ್ನು ಬರೆದುಕೊಂಡು ಬರುವಂತೆ ಶಾಲೆಯಲ್ಲಿ ಹೇಳಿದ್ದೇ ಇದಕ್ಕೆ ಕಾರಣ. ಮುಂಬಯಿಯ ಮಕ್ಕಳು ‘ಮಧಲೀ ಸುಟ್ಟಿ’ ಎಂದೋ ‘ರಿಸೆಸ್’ ಎಂದೋ ಕರೆಯುವ ಬಿಡುವು ಅದು.

ಈ ಕೆಲಸಕ್ಕೊಂದು ಹಿನ್ನೆಲೆಯಿತ್ತು. ಗಂಟೆ ಬಾರಿಸಿದೊಡನೆ ಮೇಲಿನ ಮಹಡಿಯಿಂದ ಮೈದಾನಕ್ಕೆ ಧಾವಿಸುವ ನೂಕುನುಗ್ಗಲಿನಲ್ಲಿ ಅವಳ ಸಹಪಾಠಿಯೊಬ್ಬಳು ಮೆಟ್ಟಿಲ ಮೇಲೆ ಮುಗ್ಗರಿಸಿ ಬಿದ್ದು, ಮುಂದಿನ ಹಲ್ಲೊಂದು ಬೇರುಸಹಿತ ಕಳಚಿತು. ಅದು ಹಾಲುಹಲ್ಲಲ್ಲ, ಶಾಶ್ವತವಾದ ಹಲ್ಲು. ಯಾರೋ ಅದನ್ನು ಕರವಸ್ತ್ರದಲ್ಲಿ ಕಟ್ಟಿಟ್ಟರು. ಸಂಜೆ ದಂತವೈದ್ಯರ ಬಳಿಗೆ ಒಯ್ಯುವಷ್ಟರಲ್ಲಿ ಅದು ಒಣಗಿಹೋಗಿತ್ತು. ಹಾಲಿನಲ್ಲಿ ಹಾಕಿ ಕೂಡಲೇ ತಂದಿದ್ದರೆ ಮರಳಿ ಕೂರಿಸಲು ಯತ್ನಿಸಬಹುದಾಗಿತ್ತು ಎಂದರಂತೆ ವೈದ್ಯರು.

ಮಗಳು ಬರೆದ ಮೊದಲ ಪೋಸ್ಟರಿನಲ್ಲಿ ಹನ್ನೆರಡು ಸೂಚನೆಗಳಿದ್ದವು: ಓಡಬೇಡಿ, ತಳ್ಳಬೇಡಿ, ಕೂಗಬೇಡಿ, ಹೀಗೆ ಎಲ್ಲವೂ ‘ಬೇಡಿ’. ಅದನ್ನು ನೋಡಿ ನನಗೆ ನಮ್ಮ ಶಾಖೆಯ ಸೂಚನಾ ಫಲಕದ ನೆನಪಾಯಿತು. ಅಲ್ಲಿ ಅಂಟಿಸಿದ ಹತ್ತಾರು ಪ್ರಕಟಣೆಗಳನ್ನು ಓದುವವರಿಲ್ಲ. ಆದರೆ ನಗದು ಕೌಂಟರಿನ ಮುಂದಿರುವ ‘ಕೌಂಟರ್ ಬಿಡುವ ಮುನ್ನ ಹಣ ಎಣಿಸಿಕೊಳ್ಳಿ’ ಎಂಬ ಒಂದು ಸಾಲನ್ನು ಎಲ್ಲರೂ ಪಾಲಿಸುತ್ತಾರೆ. ಅದು ಒಂದೇ ಮಾತನ್ನು ಹೇಳುತ್ತದೆ, ಮಾಡಬೇಕಾದುದನ್ನು ಹೇಳುತ್ತದೆ, ಮಾಡಬೇಕಾದ ಜಾಗದಲ್ಲಿಯೇ ಹೇಳುತ್ತದೆ. ಉತ್ತಮ ಭಿತ್ತಿಪತ್ರದ ಲಕ್ಷಣಗಳು ಈ ಮೂರೇ ಎಂದು ನನ್ನ ನಂಬಿಕೆ.

“ಹಾಗಾದರೆ ಯಾವ ಒಂದು ಮಾತು ಬರೆಯಲಿ, ಅಪ್ಪಾ?” ಎಂದಳು. ಲೆಕ್ಕವಿಲ್ಲದೆ ತೀರ್ಮಾನ ಕೂಡದೆಂಬುದು ನಮ್ಮ ವೃತ್ತಿಯ ಪಾಠ. ಮೂರು ದಿನ ಬಿಡುವಿನ ವೇಳೆಯಲ್ಲಿ ಯಾರು ಎಲ್ಲಿ ಬಿದ್ದರು, ಎಲ್ಲಿ ಎಡವಿದರು ಎಂಬುದನ್ನು ನೋಟುಪುಸ್ತಕದಲ್ಲಿ ಗೀಟು ಹಾಕಿ ಗುರುತಿಸಲು ಹೇಳಿದೆ. ಮೈದಾನ, ನಲ್ಲಿಯ ಕಟ್ಟೆ, ಮೆಟ್ಟಿಲು ಎಂದು ಮೂರು ಕಲಮು. ಹೆಚ್ಚಿನ ಗೀಟುಗಳು ಬಿದ್ದುದು ಮೆಟ್ಟಿಲಿನ ಕಲಮಿನಲ್ಲಿ, ಅದೂ ಗಂಟೆ ಬಾರಿಸಿದ ಮೊದಲ ಕೆಲವು ನಿಮಿಷಗಳಲ್ಲಿ.

ಇಕ್ಕಟ್ಟಾದ ಮೆಟ್ಟಿಲಿನಲ್ಲಿ ಗುಂಪು ನುಗ್ಗಿದರೆ ಏನಾಗುವುದೆಂಬುದನ್ನು ಮುಂಬಯಿಯವರಿಗೆ ವಿವರಿಸಬೇಕಾಗಿಲ್ಲ. 2017ರ ಸೆಪ್ಟೆಂಬರ್ 29ರಂದು ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಪಾದಚಾರಿ ಸೇತುವೆಯ ಮೆಟ್ಟಿಲಿನಲ್ಲಿ ಕಾಲ್ತುಳಿತಕ್ಕೆ ಸಿಕ್ಕಿ 20ಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು.

ಹಾಗೆಂದು ‘ಓಡಬೇಡಿ’ ಎಂದು ಬರೆಯುವುದೂ ಸರಿಯಲ್ಲ. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷಗಳಷ್ಟಾದರೂ ಚುರುಕಾದ ದೈಹಿಕ ಚಟುವಟಿಕೆ ಅಗತ್ಯವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಂದೆರಡು ಕೋಣೆಗಳ ಮನೆಗಳಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಮನಸಾರೆ ಓಡಲು ದೊರೆಯುವುದು ಆ ಬಿಡುವಿನ ವೇಳೆ ಮಾತ್ರ. ಆದುದರಿಂದ ಆಟವನ್ನು ನಿಷೇಧಿಸದೆ, ಆಟದ ಬಯಲನ್ನು ಕ್ಷೇಮವಾಗಿ ತಲುಪುವ ದಾರಿಯನ್ನು ಹೇಳಬೇಕಾಯಿತು. ಅವಳೇ ಯೋಚಿಸಿ ಬರೆದ ಸಾಲು: ‘ಕಂಬಿ ಹಿಡಿದು ಇಳಿ, ಬಯಲಿನಲ್ಲಿ ನಲಿ.’

ಇನ್ನು ಬರೆಯುವ ಕ್ರಮ. ಹತ್ತು ಅಡಿ ದೂರದಿಂದ ಸುಲಭವಾಗಿ ಓದಬೇಕಾದರೆ ಅಕ್ಷರದ ಎತ್ತರ ಒಂದು ಅಂಗುಲಕ್ಕೆ ಕಡಿಮೆಯಿರಬಾರದು. ನಮ್ಮ ಲಿಪಿಯಲ್ಲಿ ಒತ್ತಕ್ಷರಗಳು ಕೆಳಗಿಳಿಯುವುದರಿಂದ ಸಾಲುಗಳ ನಡುವೆ ಧಾರಾಳವಾಗಿ ಜಾಗ ಬಿಡಬೇಕು. ಬಿಳಿಯ ಹಾಳೆಯ ಮೇಲೆ ಹಳದಿ ಅಕ್ಷರ ಕಾಣದು. ಹಳದಿಯ ಮೇಲೆ ಕಪ್ಪು ಎದ್ದು ಕಾಣುತ್ತದೆ. ಚಿತ್ರ ಒಂದೇ ಸಾಕು: ಕಂಬಿಯನ್ನು ಹಿಡಿದ ಪುಟ್ಟ ಕೈ. ಓದು ಬಾರದ ಕಿರಿಯ ಮಕ್ಕಳಿಗೂ ಅದು ತಿಳಿಯುತ್ತದೆ. ಅಂಟಿಸುವುದು ಮುಖ್ಯೋಪಾಧ್ಯಾಯರ ಕೊಠಡಿಯ ಬಾಗಿಲಿಗಲ್ಲ, ಮೆಟ್ಟಿಲು ಆರಂಭವಾಗುವ ಕಡೆ, ಮಕ್ಕಳ ಕಣ್ಣಿನ ಎತ್ತರಕ್ಕೆ.

ಪೆಟ್ಟಾದ ಮೇಲೆ ಮಾಡಬೇಕಾದುದನ್ನು ಬೇರೊಂದು ಹಾಳೆಯಲ್ಲಿ ಬರೆದು ಅಧ್ಯಾಪಕರ ಕೊಠಡಿಗೆ ಕೊಟ್ಟೆವು. ಕಳಚಿದ ಶಾಶ್ವತ ಹಲ್ಲನ್ನು ಬೇರಿನ ಕಡೆ ಮುಟ್ಟದೆ, ಉಜ್ಜದೆ, ಹಾಲಿನಲ್ಲಿರಿಸಿ ಸಾಧ್ಯವಾದರೆ ಅರ್ಧ ಗಂಟೆಯೊಳಗೆ ದಂತವೈದ್ಯರಿಗೆ ತಲುಪಿಸಬೇಕು. ಮೂಗಿನಿಂದ ರಕ್ತ ಬಂದರೆ ತಲೆಯನ್ನು ಹಿಂದಕ್ಕೆ ಬಾಗಿಸದೆ ಮುಂದಕ್ಕೆ ಬಾಗಿಸಿ, ಮೂಗಿನ ಮೃದುವಾದ ಭಾಗವನ್ನು ಹತ್ತು ನಿಮಿಷ ಒತ್ತಿ ಹಿಡಿಯಬೇಕು. ತಲೆಗೆ ಪೆಟ್ಟಾದ ಮಗುವಿಗೆ ವಾಂತಿ, ಮಂಪರು, ಹೆಚ್ಚುತ್ತಿರುವ ತಲೆನೋವು ಅಥವಾ ಮಾತಿನಲ್ಲಿ ತೊಡಕು ಕಂಡರೆ ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಕೊನೆಗೊಂದು ಮಾತು. ಮಗಳ ನೋಟುಪುಸ್ತಕದ ಅಂಚಿನಲ್ಲಿ ‘ಒಂದನೆಯ ಮಹಡಿಯ ಕಂಬಿ ಅಲುಗುತ್ತದೆ’ ಎಂದು ಬರೆದಿತ್ತು. ಅಲುಗುವ ಕಂಬಿಯ ಪಕ್ಕದಲ್ಲಿ ‘ಕಂಬಿ ಹಿಡಿ’ ಎಂದು ಅಂಟಿಸಿ ಫಲವೇನು? ನಾವು ಕೆಲವು ಪಾಲಕರು ಹೋಗಿ ವಿನಂತಿಸಿಕೊಂಡೆವು. ಕಂಬಿ ಭದ್ರವಾಯಿತು, ಈಗ ತರಗತಿಗಳನ್ನು ಒಂದಾದ ಮೇಲೊಂದರಂತೆ ಕೆಳಗೆ ಬಿಡುತ್ತಾರೆ. ಕಂಬಿಯನ್ನು ಹಿಡಿಯುವುದು ಮಕ್ಕಳ ಕೆಲಸ, ಅದನ್ನು ಗಟ್ಟಿಯಾಗಿಡುವುದು ಹಿರಿಯರ ಕೆಲಸ. ಓದುಗ ಬಾಂಧವರು ಮುಂದಿನ ಪಾಲಕರ ಸಭೆಗೆ ಹೋದಾಗ ಅಂಕಪಟ್ಟಿಯನ್ನು ನೋಡಿ ಹಿಂದಿರುಗುವ ಮೊದಲು, ಶಾಲೆಯ ಮೆಟ್ಟಿಲಿನ ಕಂಬಿಯನ್ನು ಒಮ್ಮೆ ಕೈಯಿಂದ ಅಲುಗಿಸಿ ನೋಡಬೇಕೆಂದು ನನ್ನ ಸವಿನಯ ಪ್ರಾರ್ಥನೆ.