ಸೊಗಡು ಹುಡುಕುತ್ತ ಕೃಷಿ ಮೇಳದಲ್ಲಿ

ದೊಡ್ಡಬಳ್ಳಾಪುರದಿಂದ ಹೊರಟ ಬಸ್ಸು ಯಲಹಂಕ ದಾಟುವ ಹೊತ್ತಿಗೆ ಕಾಲಿಡಲು ಜಾಗವಿರಲಿಲ್ಲ. ನವೆಂಬರಿನ ಚಳಿಗೆ ಕಿವಿ ಮುಚ್ಚುವಂತೆ ಟವಲು ಸುತ್ತಿಕೊಂಡ ಗಂಡಸರು, ಮಡಿಲಲ್ಲಿ ಖಾಲಿ ಚೀಲ ಮಡಿಸಿಟ್ಟುಕೊಂಡ ಹೆಂಗಸರು, ಮೊಬೈಲಿನಲ್ಲಿ ಟ್ರ್ಯಾಕ್ಟರಿನ ಚಿತ್ರ ತೋರಿಸಿಕೊಳ್ಳುತ್ತಿದ್ದ ಹುಡುಗರು. ಬಳ್ಳಾರಿ ರಸ್ತೆಯಲ್ಲಿ ಜಿಕೆವಿಕೆ ಗೇಟು ಬಂದದ್ದೇ ತಡ, ಮುಕ್ಕಾಲು ಬಸ್ಸು ಅಲ್ಲೇ ಖಾಲಿಯಾಯಿತು.

ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ನವೆಂಬರಿನಲ್ಲಿ ತನ್ನ ಈ ಜಿಕೆವಿಕೆ ಆವರಣದಲ್ಲಿ ನಡೆಸುವ ನಾಲ್ಕು ದಿನದ ಕೃಷಿ ಮೇಳವನ್ನು ಪತ್ರಿಕೆಗಳು ತಂತ್ರಜ್ಞಾನದ ಹಬ್ಬವೆಂದು ಬರೆಯುತ್ತವೆ. ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಕಡೆಯ ಹಳ್ಳಿಯವರಿಗೆ ಇದು ಅದಕ್ಕಿಂತ ಹತ್ತಿರದ ಸಂಗತಿ. ದಸರೆ, ದೀಪಾವಳಿ ಮುಗಿದು, ರಾಗಿ ತೆನೆ ಕಂದು ತಿರುಗಿ, ಕೊಯ್ಲಿಗೆ ಇನ್ನೇನು ಕೈಹಚ್ಚಬೇಕು ಎನ್ನುವ ಬಿಡುವಿನಲ್ಲಿ ಬರುವ ಮೇಳವಿದು. ಹೂವು, ಹಣ್ಣು, ತರಕಾರಿ, ಕಾಳು, ಕುರಿ, ಎತ್ತು ಎಲ್ಲವನ್ನೂ ಒಂದೇ ಸುತ್ತಿನಲ್ಲಿ ನೋಡಿ ಬರುವ ಜಾತ್ರೆ ಎನ್ನಬಹುದು. ಲಾಲ್‌ಬಾಗಿನ ಗಾಜಿನ ಮನೆಯ ಫಲಪುಷ್ಪ ಪ್ರದರ್ಶನಕ್ಕೂ ನಾನು ಎಷ್ಟೋ ಬಾರಿ ಹೋಗಿದ್ದೇನೆ. ಲಕ್ಷಗಟ್ಟಲೆ ಹೂ ಚುಚ್ಚಿ ಕಟ್ಟಿದ ಗೋಪುರಗಳ ಮುಂದೆ ನಿಂತು ಬೆರಗಾಗಿದ್ದೇನೆ. ಆದರೆ ಅಲ್ಲಿ ಹಗ್ಗದ ಈಚೆ ನಿಂತು ನೋಡಬೇಕು, ಮುಟ್ಟುವಂತಿಲ್ಲ. ಇಲ್ಲಿ ಮುಟ್ಟಬಹುದು. ಈ ಜನಕ್ಕೆ ಮುಟ್ಟದೆ ಯಾವುದನ್ನೂ ನೋಡಿ ಗೊತ್ತಿಲ್ಲ.

ಗೇಟಿನಿಂದ ಒಳಕ್ಕೆ ಉದ್ದನೆಯ ದಾರಿ. ಎರಡೂ ಬದಿ ಮರ. ಈ ಸಂಸ್ಥೆಯ ಬೇರು ಇಲ್ಲಿಗಿಂತ ಸ್ವಲ್ಪ ಕೆಳಗೆ, ಹೆಬ್ಬಾಳದಲ್ಲಿದೆ. 1899ರಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ಕೊಟ್ಟ 30 ಎಕರೆಯಲ್ಲಿ ಜರ್ಮನಿಯ ವಿಜ್ಞಾನಿ ಲೆಹ್ಮನ್ ಪ್ರಯೋಗದ ತಾಕು ಆರಂಭಿಸಿದರು. ಆಮೇಲೆ ಅಲ್ಲಿ ಶಾಲೆಯಾಯಿತು, ಕಾಲೇಜಾಯಿತು, 1964ರಲ್ಲಿ ವಿಶ್ವವಿದ್ಯಾಲಯವೂ ಆಯಿತು. ಆದ್ದರಿಂದ ಈ ಸೀಮೆಯ ಅನೇಕ ಬೀಜಗಳ ಹೆಸರಿಗೆ ಇವತ್ತಿಗೂ ಹೆಬ್ಬಾಳ ಅಂಟಿಕೊಂಡಿದೆ. ನಾನು ಹುಡುಕಿಕೊಂಡು ಬಂದದ್ದೂ ಅಂಥದ್ದೇ ಒಂದನ್ನು.

ಸ್ಟಾಲುಗಳ ಸಾಲನ್ನು ಬೇಗ ದಾಟಿದೆ. ಗೊಬ್ಬರದ ಕಂಪನಿಗಳು, ಡ್ರೋನು, ಹನಿ ನೀರಾವರಿ ಪೈಪು, ಮೈಕಿನಲ್ಲಿ ಕೂಗು. ಅವುಗಳ ಆಚೆಗೆ ಇರುವ ಪ್ರಾತ್ಯಕ್ಷಿಕೆ ತಾಕುಗಳೇ ನನಗೆ ಮೇಳದ ಜೀವ. ತಿಂಗಳುಗಳ ಮೊದಲೇ ಬಿತ್ತಿ, ಮೇಳದ ದಿನಕ್ಕೆ ಸರಿಯಾಗಿ ಹೂವೋ ಕಾಯೋ ತೆನೆಯೋ ಬರುವಂತೆ ಲೆಕ್ಕ ಹಾಕಿ ಬೆಳೆಸಿರುತ್ತಾರೆ. ಮಡಿಗೊಂದು ಬೋರ್ಡು, ಬೋರ್ಡಿನ ಪಕ್ಕ ಒಬ್ಬ ವಿದ್ಯಾರ್ಥಿ. ಇಂಗ್ಲೆಂಡಿನ ಹಳ್ಳಿಗಳಲ್ಲೂ ಸೆಪ್ಟೆಂಬರಿನ ಹೊತ್ತಿಗೆ ಹೂವು ತರಕಾರಿ ಪ್ರದರ್ಶನ ನಡೆಯುತ್ತದೆ. ಅಲ್ಲಿ ಮೇಜಿನ ಮೇಲೆ ಬಟ್ಟೆ ಹಾಸಿ, ತಟ್ಟೆಯಲ್ಲಿ ಒಂದೇ ಅಚ್ಚಿನಲ್ಲಿ ತೆಗೆದಂಥ ಟೊಮೆಟೊಗಳನ್ನಿಟ್ಟು, ಈರುಳ್ಳಿ ತೂಗಿ, ಬೀನ್ಸನ್ನು ಪಟ್ಟಿಯಲ್ಲಿ ಅಳೆದು ಬಹುಮಾನ ಕೊಡುತ್ತಾರೆ. ಕುಂಬಳಕಾಯಿಯ ತೂಕದ ಪೈಪೋಟಿ ಈಗ ಜಗತ್ತಿನಲ್ಲಿ 1200 ಕಿಲೋ ದಾಟಿದೆ. ಅದೂ ಒಂದು ಶ್ರದ್ಧೆಯೇ, ಅದರ ಬಗ್ಗೆ ನನಗೆ ಗೌರವವಿದೆ. ಆದರೆ ನಮ್ಮ ಕಡೆಯವರ ಅಳತೆಗೋಲು ಬೇರೆ ಎಂಬುದು ಈ ತಾಕುಗಳ ನಡುವೆ ಅರ್ಧ ಗಂಟೆ ನಿಂತರೆ ತಿಳಿಯುತ್ತದೆ.

ಟೊಮೆಟೊ ಸಾಲಿನಲ್ಲಿ ಹೊಸಕೋಟೆ ಕಡೆಯ ರೈತರೊಬ್ಬರು ಹಣ್ಣನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ನೋಡುತ್ತಿದ್ದರು. ಬಣ್ಣದ ಮಾತೇ ಇಲ್ಲ. “ಲಾರೀಲಿ ಮೂರು ದಿನ ತಡೀತದಾ?” ಎಂಬುದಷ್ಟೇ ಅವರ ಪ್ರಶ್ನೆ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿ ಅವರಿಗೆ ಬಾಯಿಪಾಠ. ಎಲೆ ಮುಟುರು, ದುಂಡಾಣು ಸೊರಗು, ಅಂಗಮಾರಿ ಮೂರನ್ನೂ ತಡೆಯುವ ತಳಿಯದು. ನಂದಿ ಬೆಟ್ಟದಲ್ಲಿ ಹುಟ್ಟಿ ದೊಡ್ಡಬಳ್ಳಾಪುರದ ಕೆರೆಗಳನ್ನು ತುಂಬಿಸಿ ಹೆಸರಘಟ್ಟಕ್ಕೆ ಇಳಿಯುತ್ತಿದ್ದ ಅರ್ಕಾವತಿ ಈಗ ಹೆಚ್ಚು ದಿನ ಒಣಗಿಯೇ ಇರುತ್ತದೆ. ಅದರ ದಂಡೆಯ ಸಂಸ್ಥೆಯ ತಳಿಗಳ ಹೆಸರಲ್ಲಿ ಮಾತ್ರ ‘ಅರ್ಕಾ’ ದೇಶದ ತುಂಬ ಓಡಾಡುತ್ತಿದೆ.

ಪಕ್ಕದಲ್ಲಿ ಗುಲಾಬಿ ಈರುಳ್ಳಿಯ ರಾಶಿ. ಬೆಂಗಳೂರು ಗುಲಾಬಿ ಈರುಳ್ಳಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯಿದೆ. ಗಡ್ಡೆ ಚಿಕ್ಕದು, ತಳ ಚಪ್ಪಟೆ, ಮೈ ಕಡುಗೆಂಪು, ಖಾರ ಜಾಸ್ತಿ. ಚಿಕ್ಕಬಳ್ಳಾಪುರ, ಕೋಲಾರ, ಬೆಂಗಳೂರು ಗ್ರಾಮಾಂತರದಲ್ಲಿ ಬೆಳೆದದ್ದು ಹೆಚ್ಚಾಗಿ ಹಡಗು ಹತ್ತಿ ಮಲೇಷ್ಯಾ, ಸಿಂಗಪುರದ ಅಡುಗೆಮನೆ ಸೇರುತ್ತದೆ. 2023ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಈರುಳ್ಳಿ ರಫ್ತಿಗೆ ಶೇ 40 ಸುಂಕ ಹಾಕಿದಾಗ ಇಲ್ಲಿನವರೇ ಸ್ವಂತಕ್ಕೆ ಹೆಚ್ಚು ಬಳಸದ ಈ ಬೆಳೆಯೂ ಅದರಲ್ಲಿ ಸಿಕ್ಕಿಕೊಂಡಿತು. ಅದಕ್ಕೆ ವಿನಾಯಿತಿ ಸಿಗಲು ಸೆಪ್ಟೆಂಬರ್ ಕೊನೆಯವರೆಗೆ ಕಾಯಬೇಕಾಯಿತು. ರಾಶಿಯ ಮುಂದೆ ನಿಂತವರೆಲ್ಲ ಒಂದೊಂದು ಗಡ್ಡೆ ಎತ್ತಿ ಕುತ್ತಿಗೆಯನ್ನು ಚಿವುಟಿ ನೋಡುತ್ತಿದ್ದರು. ಕುತ್ತಿಗೆ ಒಣಗಿದ್ದರೆ ಗಡ್ಡೆ ಬಾಳುತ್ತದೆ.

ಹೂವಿನ ಮಡಿಗಳು ದೂರಕ್ಕೇ ಕಾಣುತ್ತವೆ. ಚೆಂಡುಹೂವಿನ ಕೇಸರಿ, ಅದರಾಚೆ ಸೇವಂತಿಗೆ. ಐಶ್ವರ್ಯ ಹಳದಿ, ಪೂರ್ಣಿಮಾ ಬಿಳಿ. ಸೇವಂತಿಗೆಯ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ಮುಂದೆ ಅವರೆಯ ಹತ್ತಿರ ಅದೇ ಮಾತು ಮತ್ತೆ ಬರುತ್ತದೆ. ಸೇವಂತಿಗೆ ರಾತ್ರಿಯನ್ನು ಎಣಿಸುವ ಗಿಡ. ಬೆಂಗಳೂರಿನಲ್ಲಿ ಜೂನಿನ ಅತಿ ಉದ್ದದ ಹಗಲು ಸುಮಾರು 13 ಗಂಟೆ, ಡಿಸೆಂಬರಿನ ಅತಿ ಗಿಡ್ಡ ಹಗಲು 11 ಗಂಟೆಗಿಂತ ತುಸು ಹೆಚ್ಚು. ನಡುವಿನ ವ್ಯತ್ಯಾಸ ಒಂದೂವರೆ ಗಂಟೆ. ನಮಗೆ ಗೊತ್ತೂ ಆಗದ ಈ ಒಂದೂವರೆ ಗಂಟೆಯನ್ನು ಗಿಡ ಹಿಡಿದುಬಿಡುತ್ತದೆ. ರಾತ್ರಿ ಉದ್ದವಾದರೆ ಮೊಗ್ಗು ಬಿಡುತ್ತದೆ. ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಕಡೆ ರಾತ್ರಿ ಹೋಗುವಾಗ ಹೊಲದ ತುಂಬ ಬಲ್ಬು ಉರಿಯುವುದನ್ನು ಕಂಡಿರಬಹುದು. ಮದುವೆಯ ಮನೆಯೇನೋ ಅನ್ನಿಸುತ್ತದೆ. ಬೆಳಕು ಕೊಟ್ಟು ರಾತ್ರಿಯನ್ನು ಮುರಿದು, ಹೂವನ್ನು ಬೆಲೆ ಇರುವ ಹಬ್ಬದ ಕಡೆಗೆ ತಳ್ಳುವ ಉಪಾಯ ಅದು. ಅಷ್ಟು ಮಾಡಿಯೂ ದರ ಬಿದ್ದು ಮಾರುಕಟ್ಟೆಯ ಹೊರಗೆ ಹೂವು ಸುರಿದು ಹೋಗುವವರನ್ನು ನಾನು ನೋಡಿದ್ದೇನೆ. ಆ ದಿನ ರಸ್ತೆಯ ಮೇಲೆ ಬಿದ್ದ ಹಳದಿ ನನಗೆ ಈಗಲೂ ಕಣ್ಣಿಗೆ ಕಟ್ಟುತ್ತದೆ.

ಅವರೆಯ ತಾಕಿನ ಮುಂದೆ ಮಾತ್ರ ಗುಂಪು ಕದಲುತ್ತಿರಲಿಲ್ಲ.

ಬೋರ್ಡಿನ ಮೇಲೆ ಹೆಬ್ಬಾಳ ಅವರೆ 4 ಎಂದಿತ್ತು. ಮೊಣಕಾಲಿನೆತ್ತರದ ಗಿಡಗಳು, ನೆತ್ತಿಯ ಮೇಲೆ ಎದ್ದು ನಿಂತ ಕಾಯಿಗೊಂಚಲು. ನಮ್ಮ ಹಳೆಯ ಅವರೆ ಹೀಗಲ್ಲ. ರಾಗಿ ಹೊಲದಲ್ಲಿ ತೊಗರಿ, ಸಾಸಿವೆ, ಹುಚ್ಚೆಳ್ಳಿನ ಜೊತೆ ಅಕ್ಕಡಿ ಸಾಲಿಗೆ ಬಿದ್ದು, ಮಳೆಗಾಲವಿಡೀ ಬರಿ ಬಳ್ಳಿಯಾಗಿ ಹಬ್ಬುತ್ತದೆ. ರಾತ್ರಿ ಉದ್ದವಾಗುವ ತನಕ ಒಂದು ಹೂವನ್ನೂ ಬಿಡುವುದಿಲ್ಲ. ರಾಗಿ ಕೊಯ್ದ ಮೇಲೆ, ಮಂಜು ಬೀಳುವ ಕಾಲಕ್ಕೆ ಅದರ ಸುಗ್ಗಿ. ವಿಜ್ಞಾನಿಗಳು ಈ ಎಣಿಕೆಯ ಗುಣವನ್ನು ತಳಿಯಿಂದ ತೆಗೆದರು. ಹೆಬ್ಬಾಳ ಅವರೆ 3, 4 ಹಗಲು ರಾತ್ರಿಯ ಹಂಗಿಲ್ಲದೆ ವರ್ಷದ ಯಾವ ತಿಂಗಳಲ್ಲಿ ಬಿತ್ತಿದರೂ ಮೂರು ತಿಂಗಳ ಸುಮಾರಿಗೆ ಕಾಯಿ ಕೊಡುತ್ತವೆ. ಬೋರ್‌ವೆಲ್ಲಿನಲ್ಲಿ ನಾಲ್ಕು ಬಿಂದಿಗೆ ನೀರಿರುವವರು ಬೇಸಿಗೆಯಲ್ಲೂ ಅವರೆಕಾಯಿ ಮಾರುವಂತಾದದ್ದು ಇದರಿಂದಲೇ. ಇದು ಸಣ್ಣ ಸಾಧನೆಯಲ್ಲ.

ಗುಂಪಿನ ಮುಂದೆ ಒಬ್ಬ ಅಜ್ಜಿ. ನಾಲ್ಕು ಕಾಯಿ ಕಿತ್ತು ಅಂಗೈಯಲ್ಲಿ ಉಜ್ಜಿ ಮೂಗಿಗೆ ಹಿಡಿದರು. ಮತ್ತೆ ಉಜ್ಜಿದರು. ವಿದ್ಯಾರ್ಥಿ ಇಳುವರಿಯ ಲೆಕ್ಕ ಹೇಳುತ್ತಲೇ ಇದ್ದ.

“ಕಾಯಿ ಏನೋ ಸೆಂದಾಗೈತೆ ಕಣಪ್ಪ. ಸೊಗಡೆಲ್ಲೈತೆ?”

“ಸೊಗಡು ಇದೆ ಅಜ್ಜಿ, ಸ್ವಲ್ಪ ಕಮ್ಮಿ. ಇದು ವರ್ಷಪೂರ್ತಿ ಬರೋ ತಳಿ.”

“ವರ್ಸಪೂರ್ತಿ ಬಂದ್ರೆ ಸೊಗಡು ಎಲ್ಲಿಂದ ಬಂದಾತು? ಮಂಜು ಕುಡೀಬೇಕಲ್ವಾ ಅದು?”

ಹುಡುಗನಿಗೆ ಉತ್ತರ ಹೊಳೆಯಲಿಲ್ಲ. ಬಹುಶಃ ಅವನ ಮನೆಯಲ್ಲೂ ಇಂಥದೇ ಅಜ್ಜಿ ಇದ್ದಿರಬೇಕು, ತಲೆ ತಗ್ಗಿಸಿ ನಕ್ಕ.

ಸೊಗಡು ಎಂದರೇನೆಂದು ಬಲ್ಲವರಿಗೆ ವಿವರಿಸಬೇಕಿಲ್ಲ. ಅವರೆಕಾಯಿ ಸಿಪ್ಪೆಯ ಮೇಲೆ ಎಣ್ಣೆಯಂಥ ಒಂದು ಜಿಡ್ಡಿರುತ್ತದೆ. ಅದರ ವಾಸನೆಯೇ ಸೊಗಡು. ಕಾಯಿ ಬಿಡಿಸಿದ ಕೈಯನ್ನು ಎಷ್ಟು ತೊಳೆದರೂ ಹೋಗದು. ಹಿದುಕಿದ ಬೇಳೆ ಸಾರಿನ ಪಾತ್ರೆಯ ಮುಚ್ಚಳ ತೆಗೆದರೆ ಪಕ್ಕದ ಬೀದಿಗೂ ತಿಳಿಯುತ್ತದೆ. ಮಾಗಡಿ ಕಡೆಯ ಅವರೆ ಎಂದರೆ ಬೆಂಗಳೂರಿನ ಸಂತೆಗಳಲ್ಲಿ ಎರಡು ರೂಪಾಯಿ ಹೆಚ್ಚು ಕೊಟ್ಟು ಕೊಳ್ಳುವುದೂ ಈ ಜಿಡ್ಡಿಗಾಗಿಯೇ. ಅಳತೆಪಟ್ಟಿ, ತಕ್ಕಡಿ ಯಾವುದಕ್ಕೂ ಅದು ಸಿಗುವುದಿಲ್ಲ. ಬಹುಮಾನದ ಪಟ್ಟಿಯಲ್ಲಿ ಅದಕ್ಕೊಂದು ಅಂಕಣವಿದ್ದರೆ ಚೆನ್ನ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ತೀರ್ಪುಗಾರರಾಗಿ ಇಂಥ ನಾಲ್ಕು ಅಜ್ಜಿಯರನ್ನು ಕೂರಿಸಬೇಕು. ನಾನಿದನ್ನು ನಿಜವಾಗಿಯೇ ಹೇಳುತ್ತಿದ್ದೇನೆ. ತಳಿ ತಯಾರಾಗುವಾಗಲೇ ಅವರ ಮೂಗಿನ ಮಾತು ಕೇಳಿದರೆ ಇಳುವರಿಯ ಜೊತೆ ವಾಸನೆಯೂ ಉಳಿದೀತು.

ಹಣ್ಣಿನ ಮೇಜಿನ ಮೇಲೆ ನಮ್ಮ ಜಿಲ್ಲೆಯ ಹೆಮ್ಮೆ ಕೂತಿತ್ತು. ಬೆಂಗಳೂರು ನೀಲಿ ದ್ರಾಕ್ಷಿಯ ಗೊಂಚಲು, ತೂಬಗೆರೆ ಹಲಸಿನ ಕಸಿಗಿಡಗಳು, ಕೊನೆಯಲ್ಲಿ ಎರಡೇ ಎರಡು ದೇವನಹಳ್ಳಿ ಚಕ್ಕೋತ. ಚಕ್ಕೋತಕ್ಕೂ ಭೌಗೋಳಿಕ ಸೂಚಿಕೆ ಸಿಕ್ಕಿದೆ. ಮಗುವಿನ ತಲೆಯಷ್ಟು ಗಾತ್ರ, ಬೆರಳು ದಪ್ಪದ ಸಿಪ್ಪೆ, ಒಳಗೆ ಕೆಂಪೋ ಬಿಳಿಯೋ ತೊಳೆ. ಕಿತ್ತಳೆ, ಮೂಸಂಬಿಯ ವಂಶದಲ್ಲೆಲ್ಲ ಈ ಹಣ್ಣಿನ ರಕ್ತವಿದೆ. ಚಕ್ಕೋತವೂ ಮ್ಯಾಂಡರಿನ್ ಕಿತ್ತಳೆಯೂ ಕೂಡಿಯೇ ಸಿಹಿ ಕಿತ್ತಳೆ ಹುಟ್ಟಿದ್ದು. ಚೀನಾದವರು ಶರತ್ಕಾಲದ ಹುಣ್ಣಿಮೆ ಹಬ್ಬಕ್ಕೆ ಚಕ್ಕೋತ ಸುಲಿಯುತ್ತಾರೆ, ನಮ್ಮಲ್ಲಿ ಹಬ್ಬದ ಫಲದ ತಟ್ಟೆಗೆ ಅದು ಬೇಕು. ಹಿಂದೆ ದೇವನಹಳ್ಳಿ ಕೋಟೆಯ ಸುತ್ತಲ ಹಿತ್ತಿಲುಗಳಲ್ಲಿ ಮನೆಗೊಂದು ಮರ ಎನ್ನುವಂತಿತ್ತಂತೆ. 2008ರ ಮೇ ತಿಂಗಳಲ್ಲಿ ವಿಮಾನ ನಿಲ್ದಾಣ ತೆರೆಯಿತು. ಹಿತ್ತಿಲಿನ ಚದರಡಿಗೆ ಬೆಲೆ ಬಂತು. ವರ್ಷಕ್ಕೊಂದು ಫಸಲು ಕೊಡುವ ಮರಕ್ಕೆ ಆ ಬೆಲೆಯ ಮುಂದೆ ನಿಲ್ಲುವ ಶಕ್ತಿ ಇರಲಿಲ್ಲ.

ಮೇಜಿನ ಬಳಿಯೇ ನಿಂತಿದ್ದ, ದೇವನಹಳ್ಳಿ ತಾಲ್ಲೂಕಿನದೇ ಚನ್ನರಾಯಪಟ್ಟಣ ಹೋಬಳಿಯ ಯುವಕರೊಬ್ಬರು ಚಕ್ಕೋತ ಎತ್ತಿ ಎರಡೂ ಕೈಯಲ್ಲಿ ತೂಗಿ ನೋಡಿದರು. “ಗಾತ್ರಕ್ಕಿಂತ ಭಾರ ಜಾಸ್ತಿ ಇರ್ಬೇಕು ಸಾರ್, ಆಗ್ಲೇ ರಸ ಇರೋದು” ಎಂದರು. ಅವರ ಹೋಬಳಿಯ 13 ಹಳ್ಳಿಗಳ 1777 ಎಕರೆಯನ್ನು ಕೈಗಾರಿಕೆಗೆ ತೆಗೆದುಕೊಳ್ಳುವುದರ ವಿರುದ್ಧ ರೈತರು 2022ರಿಂದ ಸಾವಿರಕ್ಕೂ ಹೆಚ್ಚು ದಿನ ಧರಣಿ ಕೂತರು. 2025ರ ಜುಲೈ 15ರಂದು ಸರ್ಕಾರ ಸ್ವಾಧೀನವನ್ನು ಕೈಬಿಡುವುದಾಗಿ ಪ್ರಕಟಿಸಿತು. ಅಲ್ಲಿ ಉಳಿದದ್ದು ದ್ರಾಕ್ಷಿ ಚಪ್ಪರ, ತರಕಾರಿ ಮಡಿ, ರಾಗಿ ಹೊಲ. ಆ ಮಣ್ಣಿನಿಂದ ಬಂದ ಮನುಷ್ಯ ಮೇಳದ ಮೇಜಿನ ಮುಂದೆ ನಿಂತು ಹಣ್ಣು ತೂಗುವುದನ್ನು ನೋಡುವಾಗ ನನ್ನ ಗಂಟಲು ಕಟ್ಟಿತು. ಅವರು ಮೂರು ಚಕ್ಕೋತ ಸಸಿ ಕೊಂಡರು.

ಮಧ್ಯಾಹ್ನ ಮುದ್ದೆ ಊಟದ ಸಾಲು. ರಾಗಿ ಲಕ್ಷ್ಮಣಯ್ಯನವರು ಭಾರತದ ರಾಗಿಯನ್ನೂ ಆಫ್ರಿಕಾದ ರಾಗಿಯನ್ನೂ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟದ್ದು ಇಲ್ಲಿ ಉಣ್ಣುವ ಹಿರಿಯರಿಗೆಲ್ಲ ಗೊತ್ತು. ಅದನ್ನು ಬರೆಯಲು ಇನ್ನೊಂದು ಲೇಖನವೇ ಬೇಕು.

ಸಂಜೆ ಬೀಜ ಮಾರಾಟದ ಕೌಂಟರಿನ ಸಾಲಿನಲ್ಲಿ ಮತ್ತೆ ಆ ಅಜ್ಜಿ ಕಂಡರು. ಸೆರಗಿನ ಗಂಟು ಬಿಚ್ಚಿ ನೋಟು ಎಣಿಸುತ್ತಿದ್ದರು. ಕೈಗೆ ಬಂದ ಪೊಟ್ಟಣದ ಮೇಲೆ ಹೆಬ್ಬಾಳ ಅವರೆ 4 ಎಂದೇ ಇತ್ತು.

“ಸೊಗಡಿಲ್ಲ ಅಂದ್ರಲ್ಲಜ್ಜಿ?” ಎಂದೆ.

“ಇದು ಬ್ಯಾಸ್ಗೆಗೆ ಕಣಪ್ಪ, ಮಗಳ ಹೊಲದಾಗೆ ಬೋರೈತೆ. ಮಂಜಿನ ಕಾಲಕ್ಕೆ ನಮ್ದೇ ಐತಲ್ಲ, ಬೂದಿ ಬೆರ್ಸಿ ಮಡ್ಕೆಲಿಟ್ಟಿವ್ನಿ, ನಮ್ಮತ್ತೆ ಕಾಲದ್ದು” ಎಂದು ಪೊಟ್ಟಣವನ್ನು ಚೀಲಕ್ಕೆ ಹಾಕಿ, ದೊಡ್ಡಬಳ್ಳಾಪುರದ ಬಸ್ಸು ಎಲ್ಲಿ ನಿಲ್ಲುತ್ತದೆಂದು ಕೇಳಿದರು.