ಸ್ಕೋರ್ ಎಲ್ಲರಿಗೂ ಗೊತ್ತು. ಹಾಗಾದ್ರೆ ಸ್ಪೋರ್ಟ್ಸ್ ಜರ್ನಲಿಸಂನಲ್ಲಿ ಕಲಿಯೋದೇನು?

‘ನಂಗೆ ಕ್ರಿಕೆಟ್ ಅಂದ್ರೆ ಹುಚ್ಚು. ಸ್ಪೋರ್ಟ್ಸ್ ಜರ್ನಲಿಸಂ ಓದಬಹುದಾ?’ ಪಿಯುಸಿ ಮುಗಿಸಿದ ತುಂಬಾ ಜನರ ತಲೆಯಲ್ಲಿ ಓಡ್ತಿರೋ ಪ್ರಶ್ನೆ ಇದು. ಖಂಡಿತ ಓದಿ ಅಂತೀನಿ ನಾನು. ಆದರೆ ಒಂದು ಮಾತು: ಅಲ್ಲಿ ಯಾರೂ ನಿಮಗೆ ಆಟ ಹೇಳಿಕೊಡಲ್ಲ. ಆಟ ನಿಮಗೆ ಆಗಲೇ ಗೊತ್ತಿರುತ್ತೆ. ಸ್ಕೋರ್ ಅಂತೂ ವರದಿಗಾರ ಬರೆಯೋ ಮೊದಲೇ ನಿಮ್ಮ ಮೊಬೈಲ್‌ಗೆ ಬಂದಿರುತ್ತೆ. ಅಲ್ಲಿ ಕಲಿಯೋದು, ಅಭಿಮಾನಿಗೆ ಕಾಣದ್ದನ್ನು ನೋಡೋದು.

ಮೊದಲು, ಎಲ್ಲಿ ಓದೋದು? ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1951ರಲ್ಲೇ ಪತ್ರಿಕೋದ್ಯಮದ ಪಾಠ ಶುರುವಾಗಿತ್ತು. ಈಗ ನಮ್ಮ ಹೆಚ್ಚಿನ ವಿಶ್ವವಿದ್ಯಾಲಯಗಳಲ್ಲಿ ಈ ವಿಷಯ ಇದೆ. ಆದರೆ ಕ್ರೀಡೆ ಸಾಮಾನ್ಯವಾಗಿ ಅದರೊಳಗಿನ ಒಂದು ಭಾಗ ಅಷ್ಟೇ. ಬ್ರಿಟನ್‌ನಲ್ಲಿ ಕ್ರೀಡಾ ಪತ್ರಿಕೋದ್ಯಮಕ್ಕೇ ಅಂತ ಪ್ರತ್ಯೇಕ ಪದವಿಗಳಿವೆ. ಅಲ್ಲೂ ಮಾಧ್ಯಮ ಕಾನೂನು ಓದಲೇಬೇಕು. ಕೆಲವು ಕಡೆ ನಿಮಿಷಕ್ಕೆ 100 ಪದ ಬರೆದುಕೊಳ್ಳುವ ಶಾರ್ಟ್‌ಹ್ಯಾಂಡ್ ಕೂಡ ಕಲಿಸ್ತಾರೆ. ಅಂದ್ರೆ ಮೊದಲು ಪತ್ರಕರ್ತ, ಆಮೇಲೆ ಕ್ರೀಡೆ.

ಯಾಕೆ ಹೀಗೆ? 2025ರ ಜೂನ್ 3 ನೆನಪಿದೆ ಅಲ್ವಾ? ಆರ್‌ಸಿಬಿ ಮೊದಲ ಸಲ ಐಪಿಎಲ್ ಕಪ್ ಗೆದ್ದ ರಾತ್ರಿ. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತ, 11 ಜನರ ಸಾವು. ಸಂಭ್ರಮ ಬರೆಯಬೇಕಿದ್ದವರು ಬೇರೆಯದೇ ಪ್ರಶ್ನೆ ಕೇಳಬೇಕಾಯ್ತು. ಅನುಮತಿ ಯಾರು ಕೊಟ್ಟರು? ಪ್ರವೇಶದ ಬಗ್ಗೆ ಜನರಿಗೆ ಏನು ಹೇಳಲಾಗಿತ್ತು? ಗೇಟ್‌ಗಳ ಬಳಿ ಏನಾಯ್ತು? ವಾಟ್ಸ್‌ಆ್ಯಪ್‌ನಲ್ಲಿ ಬಂದ ಸಾವಿನ ಸಂಖ್ಯೆ ಹಾಕೋದಾ, ಆಸ್ಪತ್ರೆಯಿಂದ ಖಚಿತ ಆಗೋವರೆಗೆ ಕಾಯೋದಾ? ಬ್ಯಾಟಿಂಗ್ ಸರಾಸರಿ ಬಾಯಿಪಾಠ ಇದ್ದರೆ ಇದಕ್ಕೆ ಉತ್ತರ ಸಿಗಲ್ಲ.

ಎರಡನೇದು ಪದಗಳ ತೂಕ. 2023ರಲ್ಲಿ ವಿನೇಶ್ ಫೋಗಟ್, ಸಾಕ್ಷಿ ಮಲಿಕ್, ಬಜರಂಗ್ ಪೂನಿಯಾ ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕೂತರು. ಕುಸ್ತಿ ಫೆಡರೇಷನ್ನಿನ ಆಗಿನ ಅಧ್ಯಕ್ಷರ ಮೇಲೆ ಲೈಂಗಿಕ ಕಿರುಕುಳದ ಆರೋಪ ಬಂತು. ಅವರು ಅದನ್ನು ನಿರಾಕರಿಸಿದರು. ಇಲ್ಲಿ ‘ಆರೋಪಿ’ ಅನ್ನೋದಕ್ಕೂ ‘ಅಪರಾಧಿ’ ಅನ್ನೋದಕ್ಕೂ ಅಜಗಜಾಂತರ. ಅಪ್ರಾಪ್ತ ವಯಸ್ಸಿನ ಕ್ರೀಡಾಪಟು ದೂರು ಕೊಟ್ಟರೆ ಪೋಕ್ಸೊ ಕಾಯ್ದೆ ಪ್ರಕಾರ ಅವರ ಗುರುತು ಬಯಲು ಮಾಡುವಂತಿಲ್ಲ. ಹೆಸರು ಬಿಟ್ಟು ಊರು, ಕ್ಲಬ್ಬು, ಗೆದ್ದ ಪದಕ ಬರೆದರೂ ಗುರುತು ಸಿಕ್ಕಿಬಿಡುತ್ತೆ. ಬರೆಯೋ ಕೈಗೆ ಇದು ಗೊತ್ತಿರಬೇಕು.

ಮೂರನೇದು ಲೆಕ್ಕ. ಬೌಲರ್ 3.3 ಓವರ್‌ನಲ್ಲಿ 35 ರನ್ ಕೊಟ್ಟ ಅಂದ್ಕೊಳ್ಳಿ. ಕ್ಯಾಲ್ಕುಲೇಟರ್‌ನಲ್ಲಿ 3.3ರಿಂದ ಭಾಗಿಸಿದ್ರೆ 10.6 ಬರುತ್ತೆ. ಅದು ತಪ್ಪು. ಮೂರು ಓವರ್, ಮೂರು ಎಸೆತ ಅಂದ್ರೆ ಮೂರೂವರೆ ಓವರ್. ಎಕಾನಮಿ ಸರಿಯಾಗಿ 10. ಇನ್ನೊಂದು: ಐದು ಇನಿಂಗ್ಸ್‌ನಲ್ಲಿ 200 ರನ್ ಹೊಡೆದು ಎರಡೇ ಸಲ ಔಟಾದವನ ಸರಾಸರಿ 100. ಹಾಗಂತ ಪ್ರತಿ ಸಲ ಶತಕ ಹೊಡೆದಿದ್ದಾನಾ? ಇಲ್ಲ. ಅಂಕಿ ಸುಳ್ಳು ಹೇಳಲ್ಲ, ಆದರೆ ಪೂರ್ತಿ ಕಥೆಯನ್ನೂ ಹೇಳಲ್ಲ.

ಈಗ ಕಹಿ ಮಾತು. ತಂಡಗಳು, ಆಟಗಾರರು ತಮ್ಮ ವಿಡಿಯೊ ತಾವೇ ಮಾಡಿ ಹಾಕ್ತಾರೆ. ಸಂದರ್ಶನಕ್ಕೆ ನಿಮ್ಮ ಅಗತ್ಯ ಅವರಿಗಿಲ್ಲ. ಕಟುವಾಗಿ ಬರೆದರೆ ಮುಂದಿನ ಸಲ ಬಾಗಿಲು ಮುಚ್ಚಬಹುದು ಅನ್ನೋ ಭಯವೂ ಇರುತ್ತೆ. ಅದಕ್ಕೇ ನಾನು ಹೇಳೋದು: ಸ್ಟಾರ್ ಹಿಂದೆ ಓಡೋದರ ಜೊತೆ ನಿಮ್ಮ ತಾಲ್ಲೂಕು ಕ್ರೀಡಾಂಗಣದ ಕಡೆಗೂ ಹೋಗಿ. ಟ್ರ್ಯಾಕ್ ಹೇಗಿದೆ? ಹೆಣ್ಮಕ್ಕಳಿಗೆ ಶೌಚಾಲಯ ಇದೆಯಾ? ಕೋಚ್ ಹುದ್ದೆ ಭರ್ತಿ ಆಗಿದೆಯಾ? ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಗೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕೋಕೆ ಶುಲ್ಕ 10 ರೂಪಾಯಿ. ಸಾಮಾನ್ಯವಾಗಿ 30 ದಿನದೊಳಗೆ ಉತ್ತರ ಕೊಡಬೇಕು. ಇದಕ್ಕೆ ಪ್ರೆಸ್ ಪಾಸ್ ಬೇಡ, ಯಾರ ಕೃಪೆಯೂ ಬೇಡ.

ಅಡ್ಮಿಷನ್‌ಗೆ ಮೊದಲು ಕಾಲೇಜಿನಲ್ಲಿ ಮೂರು ವಿಷಯ ಕೇಳಿ. ವಿದ್ಯಾರ್ಥಿಗಳೇ ತರುವ ಪ್ರಾಯೋಗಿಕ ಪತ್ರಿಕೆ ಇದೆಯಾ? ಇಂಟರ್ನ್‌ಶಿಪ್ ಎಲ್ಲಿ ಸಿಗುತ್ತೆ? ಮಾಧ್ಯಮ ಕಾನೂನು ಪಾಠ ಮಾಡೋರು ಯಾರು? ಅಭಿಮಾನ ಬಿಡಿ ಅಂತ ನಾನು ಹೇಳಲ್ಲ. ಆರ್‌ಸಿಬಿ ಜೆರ್ಸಿ ಮನೇಲಿ ಇರಲಿ. ಪ್ರೆಸ್ ಬಾಕ್ಸ್‌ಗೆ ಹೋಗುವಾಗ ಮಾತ್ರ ನೋಟ್‌ಬುಕ್ ಸಾಕು.