ಒಂದು ಹಿಡಿ ಮಂಡಕ್ಕಿ ಕಲಿಸುವ ಪಾಠ

ಸಂಜೆಯಾಯಿತೆಂದರೆ ಮಂಡಕ್ಕಿ–ಮಿರ್ಚಿಯನ್ನು ನೆನೆಯದವರು ನಮ್ಮ ದಾವಣಗೆರೆಯಲ್ಲಿ ವಿರಳ. ಆದರೆ ತಿಂದದ್ದು ಒಳಗೆ ಏನಾಗುತ್ತದೆಂದು ಮಕ್ಕಳು ಕೇಳಿದರೆ, ಪಠ್ಯಪುಸ್ತಕದ ಚಿತ್ರ ತೋರಿಸಿ ಸುಮ್ಮನಾಗುತ್ತೇವೆ. ಅದರ ಬದಲು ಒಂದು ಹಿಡಿ ಬರಿ ಮಂಡಕ್ಕಿಯನ್ನು ಅವರ ಕೈಗಿತ್ತು, ನಾವೇ ಪ್ರಶ್ನೆ ಕೇಳೋಣ. ಉತ್ತರವನ್ನು ಮಾತ್ರ ಮೊದಲೇ ಹೇಳದಿರೋಣ.

“ನುಂಗದೆ ಒಂದೆರಡು ನಿಮಿಷ ಅಗಿ; ರುಚಿ ಬದಲಾಗುವುದೇ ನೋಡು.” ಸಪ್ಪೆಯಾಗಿದ್ದ ಮಂಡಕ್ಕಿ ಕ್ರಮೇಣ ತುಸು ಸಿಹಿಯೆನಿಸುತ್ತದೆ. ಸಕ್ಕರೆ ಹಾಕಿದವರಾರು? ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವವು ಪಿಷ್ಟವನ್ನು ಒಡೆದು ಸಕ್ಕರೆಯಾಗಿಸಿದೆ. ಜೀರ್ಣಕ್ರಿಯೆ ಬಾಯಲ್ಲೇ ಆರಂಭವಾಗುವುದನ್ನು ಮಗು ತನ್ನ ನಾಲಿಗೆಯಿಂದಲೇ ಅರಿಯುತ್ತದೆ.

ಹರಿಹರಕ್ಕೆ ಹೋದಾಗ ತುಂಗಭದ್ರೆಯ ದಡದಲ್ಲಿ ತಲೆ ಬಾಗಿಸಿ ನೀರು ಕುಡಿಯುವ ದನಗಳನ್ನು ತೋರಿಸೋಣ. ಬಾಯಿ ಕೆಳಗಿದೆ, ಹೊಟ್ಟೆ ಮೇಲಿದೆ. ನೀರು ಏರುವುದು ಹೇಗೆ? ಮನೆಗೆ ಬಂದು, ಹಳೆಯ ಸೈಕಲ್ ಟ್ಯೂಬಿನ ತುಂಡಿನಲ್ಲಿ ಗೋಲಿಯನ್ನಿಟ್ಟು ಹಿಂದಿನಿಂದ ಹಿಸುಕಲಿ. ಟ್ಯೂಬನ್ನು ಹೇಗೆ ಹಿಡಿದರೂ ಗೋಲಿ ಮುಂದೆ ಸರಿಯುತ್ತದೆ. ಸುಮಾರು 25 ಸೆಂಟಿಮೀಟರ್ ಉದ್ದದ ನಮ್ಮ ಅನ್ನನಾಳದ ಸ್ನಾಯುಗಳೂ ತುತ್ತನ್ನು ಹೀಗೆಯೇ ಜಠರಕ್ಕೆ ನೂಕುತ್ತವೆ.

ಜಠರಕ್ಕೆ ಹಲ್ಲುಗಳಿವೆಯೇ? ಇಲ್ಲ. ಅಗಿಯದೆ ನುಂಗಿದ ಚೂರುಗಳನ್ನು ಅದು ಆಮ್ಲದೊಡನೆ ಕಡೆಕಡೆದು ನುಣ್ಣಗಾಗಿಸಬೇಕು. ಬಾಯಿ ಬಿಟ್ಟ ಕೆಲಸ ಜಠರದ ಮೇಲೆ ಬೀಳುತ್ತದೆ.

ಮುಂದಿನದು ಸಣ್ಣಕರುಳು. ಅಂಗಳದಲ್ಲಿ 20 ಅಡಿ ಹಗ್ಗ ಹಾಸಿದರೆ ಅದರ ಉದ್ದ ತಿಳಿಯುತ್ತದೆ. ಸುರುಳಿ ಸುತ್ತಿದರೆ ಅದು ಹೊಟ್ಟೆಯೊಳಗೆ ಅಡಗಿರುವ ಬಗೆಯೂ ತಿಳಿಯುತ್ತದೆ. ತೆಳುಬಟ್ಟೆ, ದಪ್ಪ ಟವೆಲ್ಲುಗಳಲ್ಲಿ ಹೆಚ್ಚು ನೀರು ಹೀರುವುದು ಯಾವುದು? ಟವೆಲ್ಲಿನ ಎಳೆಗಳಂತೆ ಕರುಳಿನ ಒಳಮೈಯಲ್ಲಿಯೂ ಅಸಂಖ್ಯ ಸೂಕ್ಷ್ಮ ಎಳೆಗಳಿವೆ. ಸಾರವನ್ನು ಹೀರಿ ರಕ್ತಕ್ಕೆ ಸೇರಿಸುವುದು ಅವುಗಳ ಕಾಯಕ. ಉಳಿದುದರಿಂದ ದೊಡ್ಡಕರುಳು ನೀರನ್ನು ಹೀರಿಕೊಳ್ಳುತ್ತದೆ.

ಕೊನೆಯ ಪ್ರಶ್ನೆ ನಮಗೂ ಸೇರಿದ್ದು: ಈ ದಾರಿಯಲ್ಲಿ ನಮ್ಮ ಇಚ್ಛೆಯಂತೆ ನಡೆಯುವ ಕೆಲಸ ಯಾವುದು? ಆಯ್ದುಕೊಳ್ಳುವುದು, ಅಗಿಯುವುದು, ನುಂಗುವುದು, ಅಷ್ಟೆ. ನುಂಗಿದ ಮೇಲೆ ನಮ್ಮ ಮಾತು ನಡೆಯದು. ಮೊಬೈಲ್ ನೋಡುತ್ತ ಅವಸರದಲ್ಲಿ ಉಣ್ಣುವಾಗ, ನಮ್ಮ ಕೈಯಲ್ಲಿರುವ ಆ ಸ್ವಲ್ಪವನ್ನೂ ಬಿಟ್ಟುಕೊಡುತ್ತೇವೆ.

ಪದೇ ಪದೇ ಎದೆಯುರಿ, ನುಂಗಲು ತೊಂದರೆ, ಕಪ್ಪುಮಲ ಅಥವಾ ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು ಕಂಡರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ವೈದ್ಯರನ್ನು ಕಾಣಬೇಕು. ಉಳಿದ ದಿನಗಳಲ್ಲಿ, ದಾಸೋಹದ ಪಂಕ್ತಿಯಲ್ಲಿ ಕುಳಿತಾಗ, ಪ್ರತಿ ತುತ್ತನ್ನೂ ಚೆನ್ನಾಗಿ ಅಗಿದು ಉಣ್ಣೋಣ. ಪ್ರಸಾದಕ್ಕೆ ಗೌರವ, ದೇಹಕ್ಕೆ ಆರೋಗ್ಯ ಎರಡೂ ಅದರಲ್ಲಿವೆ.